ಸರ್ವಿಸ್ ರಸ್ತೆಯ ಬದಿಯಲ್ಲಿ ಐವತ್ತರ ದಶಕದ ಅಮೆರಿಕ: ಕುಂಬಳೆ ಕಡೆಯ ಒಂದು ಡ್ರೈವ್-ಇನ್ ಹೋಟೆಲು

ತಲಪಾಡಿಯಿಂದ ಚೆಂಗಳದವರೆಗಿನ ಸುಮಾರು 39 ಕಿ.ಮೀ. ಹೆದ್ದಾರಿ ಆರು ಪಥಗಳಾಗಿ ಅಗಲಗೊಂಡಾಗ ಹಳೆಯ ರಸ್ತೆಯಂಚಿನಲ್ಲಿದ್ದ ಹೋಟೆಲುಗಳಲ್ಲಿ ಹಲವು ನೆಲ ಕಳೆದುಕೊಂಡವು. ಉಳಿದವು ಸರ್ವಿಸ್ ರಸ್ತೆಯ ಮಗ್ಗುಲಿಗೆ ಬಿದ್ದು, ಮೊದಲಿನ ವ್ಯಾಪಾರವಿಲ್ಲದಿದ್ದರೂ ಬಾಗಿಲು ತೆರೆದುಕೊಂಡಿವೆ. ಮಂಗಳೂರಿನಿಂದ ಕಾಸರಗೋಡಿಗೆ ಕಾರಿನಲ್ಲಿ ಬರುವವರಿಗೆ ಈಗ ನಡುವಿನ ಪೇಟೆಗಳಲ್ಲಿ ನಿಲ್ಲುವ ಕಾರಣವೇ ಇಲ್ಲ. ಇಂಥ ಹೊತ್ತಿನಲ್ಲಿ, ಕುಂಬಳೆ ದಾಟಿ ದಕ್ಷಿಣಕ್ಕೆ ಬರುವಾಗ ಸಿಗುವ ಸರ್ವಿಸ್ ರಸ್ತೆಯ ಬದಿಯಲ್ಲಿ, ಕಾರಿನಿಂದ ಇಳಿಯದೆಯೇ ತಿಂಡಿ ತಿನ್ನಬಹುದಾದ ಒಂದು ಸಸ್ಯಾಹಾರಿ ಡ್ರೈವ್-ಇನ್ ಹೋಟೆಲು ಆರಂಭವಾಗಿದೆ. ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಅಮೆರಿಕದ ಡ್ರೈವ್-ಇನ್‌ಗಳನ್ನು ಮಾದರಿಯಾಗಿ ಇಟ್ಟುಕೊಂಡು ಇದನ್ನು ಕಟ್ಟಿದ್ದಾರೆ. ಹೊಗಳಿಕೆಯ ಜತೆಗೆ ಒಂದು ಗಟ್ಟಿಯಾದ ಆಕ್ಷೇಪವೂ ಈ ಬರಹದಲ್ಲಿ ಇರುವುದರಿಂದ ಹೋಟೆಲಿನ ಹೆಸರನ್ನು ಬರೆಯುತ್ತಿಲ್ಲ. ಆ ಆಕ್ಷೇಪವನ್ನು ಮಾಲೀಕರಿಗೆ ಎದುರಿನಲ್ಲೇ ಹೇಳಿದ್ದೇನೆ. ಆ ದಾರಿಯಲ್ಲಿ ಓಡಾಡುವವರಿಗೆ ಹೋಟೆಲು ಯಾವುದೆಂದು ಹೇಗೂ ಗೊತ್ತಾಗುತ್ತದೆ.

ಜಾಗದ ವಿನ್ಯಾಸ ಸರಳವಾಗಿದೆ. ಮಧ್ಯದಲ್ಲಿ ಅಡುಗೆಮನೆ, ಅದರ ಎರಡೂ ಬದಿಗೆ ತಗಡಿನ ಉದ್ದನೆಯ ಚಾವಣಿ, ಚಾವಣಿಯ ಅಡಿಯಲ್ಲಿ ಓರೆಯಾಗಿ ಗೆರೆ ಎಳೆದ ಕಾರಿನ ಸಾಲು. ಕಪ್ಪು ಬಿಳುಪು ಚೌಕಳಿಯ ಟೈಲ್ಸ್, ಕೆಂಪು ನಿಯಾನಿನಂತೆ ಕಾಣುವ ಎಲ್‌ಇಡಿ ದೀಪ, ಗೋಡೆಯ ಮೇಲೆ ಹಿಂಬದಿಗೆ ರೆಕ್ಕೆಯಿರುವ ಅಮೆರಿಕನ್ ಕಾರುಗಳ ಚಿತ್ರ, ಗಾಲಿಯ ಬೂಟು ತೊಟ್ಟು ತಟ್ಟೆ ಹಿಡಿದು ಸಾಗುವ ಹುಡುಗಿಯರ ಚಿತ್ರ ಇವೆ. ಕಾರು ನಿಂತ ಕೂಡಲೇ ಒಬ್ಬರು ಬಂದು ಕ್ಯೂಆರ್ ಕೋಡ್ ಇರುವ ಹಲಗೆ ತೋರಿಸುತ್ತಾರೆ. ಮೊಬೈಲಿನಲ್ಲಿ ಬೇಕಾದ್ದನ್ನು ಒತ್ತಿದರೆ ತಿಂಡಿ ಕಿಟಕಿಗೆ ಬರುತ್ತದೆ. ಅಮೆರಿಕದ ಒಕ್ಲಹೋಮಾ ರಾಜ್ಯದ ಶಾನಿ ಎಂಬ ಊರಿನಲ್ಲಿ ಟ್ರಾಯ್ ಸ್ಮಿತ್ 1953ರಲ್ಲಿ ತೆರೆದ ಡ್ರೈವ್-ಇನ್, ಕಾರಿನ ಪಕ್ಕದಲ್ಲಿ ಸ್ಪೀಕರ್ ನಿಲ್ಲಿಸಿ ಅದರಲ್ಲೇ ಆರ್ಡರ್ ಪಡೆಯುವ ಕ್ರಮದಿಂದ ಬೆಳೆದು, 1959ರಲ್ಲಿ ಸಾನಿಕ್ ಎಂಬ ಹೆಸರು ಪಡೆಯಿತು. ಅಲ್ಲಿ ಸ್ಪೀಕರ್ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಮೊಬೈಲು ಮಾಡುತ್ತದೆ, ಆದರೆ ಸ್ಪೀಕರಿಗೆ ಓದು ಬೇಕಿರಲಿಲ್ಲ. ಕನ್ನಡ, ತುಳು, ಮಲಯಾಳ, ಬ್ಯಾರಿ ಎಲ್ಲವೂ ಕೇಳಿಬರುವ ಈ ಪ್ರದೇಶದಲ್ಲಿ ಮೊಬೈಲಿನ ಮೆನು ಇಂಗ್ಲಿಷ್ ಮತ್ತು ಮಲಯಾಳದಲ್ಲಿ ಮಾತ್ರ ಇದೆ. ಸರ್ಕಾರಿ ಕಚೇರಿಯಲ್ಲಿ ಕನ್ನಡದ ಅರ್ಜಿ ನಮೂನೆ ಕೇಳಿ ಕೇಳಿ ದಣಿದಿರುವ ನಾವು ತಿಂಡಿಗೂ ಅದನ್ನೇ ಮಾಡಬೇಕಾಗಿ ಬಂದಿರುವುದು ಬೇಸರದ ಸಂಗತಿ. ಒಂದು ದಿನದ ಕೆಲಸದಲ್ಲಿ ಸರಿಪಡಿಸಬಹುದಾದ್ದು.

ಸೇವೆಯ ಬಗ್ಗೆ ಒಳ್ಳೆಯ ಮಾತನ್ನು ಮೊದಲು ಹೇಳುತ್ತೇನೆ. ನನ್ನ ಅಮ್ಮನಿಗೆ ಎಂಬತ್ತು ದಾಟಿದೆ, ಮಂಡಿ ನೋವು. ಮಂಗಳೂರಿನ ಆಸ್ಪತ್ರೆಗೆ ಹೋಗಿ ಬರುವಾಗ ಹೋಟೆಲಿನ ಮೆಟ್ಟಿಲು ಹತ್ತಿಸುವುದು, ಇಳಿಸುವುದು ತಿಂಡಿಗಿಂತ ದೊಡ್ಡ ಕೆಲಸ. ಹೆಚ್ಚಿನ ಕಡೆ ಪಾರ್ಸೆಲ್ ತಂದು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ತಿನ್ನಬೇಕಾಗುತ್ತದೆ. ಇಲ್ಲಿ ಅಮ್ಮ ಹಿಂದಿನ ಸೀಟಿನಲ್ಲೇ ಕುಳಿತರು. ಬಡಿಸುವ ಹುಡುಗಿ ಕಿಟಕಿಯ ಗಾಜನ್ನು ಅರ್ಧ ಇಳಿಸಲು ಹೇಳಿ, ಸ್ಟೀಲಿನ ತಟ್ಟೆಯ ಎರಡು ಕೊಕ್ಕೆಗಳನ್ನು ಗಾಜಿನ ಅಂಚಿಗೆ ಸಿಕ್ಕಿಸಿ, ಕೆಳಗಿನ ಓರೆ ಕಾಲನ್ನು ಬಾಗಿಲಿಗೆ ಆನಿಸಿದಳು. ಬಣ್ಣಕ್ಕೆ ಗೀರು ಬೀಳದಂತೆ ಕಾಲಿನ ತುದಿಗೆ ರಬ್ಬರಿನ ಟೋಪಿಯಿದೆ. “ಅಜ್ಜಿ, ಚಟ್ನಿ ಈ ಬದಿಗೆ ಇಡ್ತೇನೆ, ಬಾಗಿಲು ಮಾತ್ರ ತೆರೀಬೇಡಿ,” ಎಂದಳು. “ಎಂತ ಮಗಾ, ತೆರೆದರೆ ನಿನ್ನ ಮೈಮೇಲೆಯೇ ಬೀಳುವುದಲ್ಲವಾ?” ಎಂದು ಅಮ್ಮ ನಕ್ಕರು. ಎಷ್ಟೋ ಕಾಲದ ಮೇಲೆ ಅಮ್ಮ ಹೊರಗೆ ಬಿಸಿ ಬಿಸಿ ನೀರುದೋಸೆ ತಿಂದದ್ದು ಆವತ್ತು. ವಯಸ್ಸಾದವರಿಗೆ, ಗಾಲಿಕುರ್ಚಿ ಬಳಸುವವರಿಗೆ, ಹಸುಗೂಸು ಮಲಗಿಸಿಕೊಂಡ ಬಾಣಂತಿಯರಿಗೆ ಇದು ನಿಜಕ್ಕೂ ಉಪಕಾರದ ಏರ್ಪಾಡು. ಈ ಒಂದು ಕಾರಣಕ್ಕೆ ಹೋಟೆಲು ಉಳಿಯಬೇಕು ಎಂದು ಬಯಸುತ್ತೇನೆ.

ತಟ್ಟೆಯ ವಿನ್ಯಾಸ ಮಾತ್ರ ಹಳೆಯ ಕಾರಿಗೆ ಹೊಂದುವಂಥದ್ದು. ನೇರವಾಗಿ ನಿಲ್ಲುವ ಗಾಜು ಮತ್ತು ಅಗಲವಾದ ಬಾಗಿಲಿನ ಅಂಚು ಇದ್ದ ಕಾಲದ ಕೊಕ್ಕೆ ಅದು. ಈಗಿನ ಕಾರುಗಳ ಗಾಜು ಒಳಕ್ಕೆ ವಾಲಿರುತ್ತದೆ, ಬಾಗಿಲು ಹೊರಕ್ಕೆ ಉಬ್ಬಿರುತ್ತದೆ. ಹಾಗಾಗಿ ತಟ್ಟೆ ಸ್ವಲ್ಪ ಹೊರಗಡೆಗೆ ಬಾಗುತ್ತದೆ, ಸಾಂಬಾರಿನ ಬಟ್ಟಲನ್ನು ತುಂಬಿಸಿ ಕೊಟ್ಟರೆ ಚೆಲ್ಲುತ್ತದೆ. ಮುಕ್ಕಾಲು ತುಂಬಿಸಿ, ಬೇಕಾದವರಿಗೆ ಮತ್ತೆ ಬಡಿಸುವುದು ಒಳ್ಳೆಯದು. ಗಾಜು ಅರ್ಧ ಇಳಿದಿರುವುದರಿಂದ ಎಸಿ ಹಾಕಿ ಪ್ರಯೋಜನವಿಲ್ಲ. ಆದರೂ ಬಹಳ ಮಂದಿ ಎಂಜಿನ್ ನಿಲ್ಲಿಸುವುದೇ ಇಲ್ಲ, ಚಾವಣಿಯ ಅಡಿಯಲ್ಲಿ ಹೊಗೆ ನಿಂತುಬಿಡುತ್ತದೆ. ಎಂಜಿನ್ ನಿಲ್ಲಿಸಿ ಎಂಬ ಒಂದು ಫಲಕ, ಕನ್ನಡದಲ್ಲೂ, ತುರ್ತಾಗಿ ಬೇಕು. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಚಾವಣಿಯ ಅಂಚಿನಿಂದ ಬೀಳುವ ನೀರು ಹಿಂದಿನ ಕಿಟಕಿಗೇ ಎರಚುತ್ತದೆ. ಅಲ್ಲಿ ದಂಬೆ ಕೂರಿಸದಿದ್ದರೆ ಆಷಾಢದಲ್ಲಿ ಹಿಂದಿನ ಸೀಟಿನವರು ಉಪವಾಸ.

ತಿಂಡಿಯ ವಿಷಯಕ್ಕೆ ಬಂದರೆ, ಅಡುಗೆಯವರು ನಮ್ಮ ಕಡೆಯವರು ಎಂಬುದು ಮೊದಲ ತುತ್ತಿಗೇ ತಿಳಿಯುತ್ತದೆ. ನೀರುದೋಸೆ ತೆಳ್ಳಗೆ, ಮೆದುವಾಗಿ, ಅಂಚು ಮುರುಟದೆ ಬರುತ್ತದೆ. ಜತೆಗೆ ಬೇಕೆಂದರೆ ಚಟ್ನಿ, ಬೇಕೆಂದರೆ ಬೆಲ್ಲ ಬೆರೆಸಿದ ತೆಂಗಿನತುರಿ. ಸಜ್ಜಿಗೆ-ಬಜಿಲಿನಲ್ಲಿ, ಅಂದರೆ ಉಪ್ಪಿಟ್ಟು ಮತ್ತು ಖಾರದ ಅವಲಕ್ಕಿಯಲ್ಲಿ, ಸಜ್ಜಿಗೆ ಉದುರುದುರಾಗಿ, ಅವಲಕ್ಕಿಗೆ ಖಾರ ಹದವಾಗಿ ಹತ್ತಿತ್ತು. ಎರಡನ್ನೂ ಕಲಸಿ ತಿನ್ನಬೇಕಾದ ತಿಂಡಿಯನ್ನು ಎರಡು ಬೇರೆ ಬಟ್ಟಲಿನಲ್ಲಿ ಕೊಡುವುದೇಕೋ ಅರ್ಥವಾಗಲಿಲ್ಲ. ಗೋಳಿಬಜೆ ಸಂಜೆ ನಾಲ್ಕರ ಮೇಲೆ ಮಾತ್ರ. ಹೊರಗೆ ಕೆಂಪಗೆ ಗರಿಯಾಗಿ, ಒಳಗೆ ಟೊಳ್ಳಾಗದೆ, ಮೊಸರಿನ ಹುಳಿಯೂ ತೆಂಗಿನ ಚೂರೂ ಹಲ್ಲಿಗೆ ಸಿಗುವಂತೆ ಇದೆ. ಬನ್ಸ್ ಮಾತ್ರ ಹಿಂದಿನ ದಿನದ ಹಿಟ್ಟಿನದು ಎನಿಸಿತು. ಬಾಳೆಹಣ್ಣಿನ ಪರಿಮಳ ಹೋಗಿ ಹುಳಿ ಮುಂದಾಗಿತ್ತು. ಕಾಫಿ ಚೆನ್ನಾಗಿದೆ, ಆದರೆ ಕಾಗದದ ಲೋಟದಲ್ಲಿ ಕೊಡುತ್ತಾರೆ. ಸ್ಟೀಲಿನ ತಟ್ಟೆಗೆ ಅಷ್ಟು ಖರ್ಚು ಮಾಡಿದವರು ಲೋಟದಲ್ಲಿ ಯಾಕೆ ಕೈ ಹಿಡಿದರೋ. ಪುನರ್ಪುಳಿ ಶರಬತ್ತು ಇಡೀ ಮೆನುವಿನಲ್ಲೇ ಶ್ರೇಷ್ಠ. ಎಸೆನ್ಸ್ ಇಲ್ಲ, ಸಿಪ್ಪೆ ನೆನೆಸಿ ಹಿಂಡಿದ ನಿಜವಾದ ಹುಳಿ.

ಅಮೆರಿಕದ ಹೆಸರಿನಲ್ಲಿ ಕೊಡುವ ತಿನಿಸುಗಳ ಬಗ್ಗೆ ಹೆಚ್ಚು ಬರೆಯುವುದಕ್ಕೇನಿಲ್ಲ. ತರಕಾರಿ ಬರ್ಗರ್ ಎಂದರೆ ಬೇಕರಿಯ ಬನ್ನಿನ ನಡುವೆ ಆಲೂಗಡ್ಡೆಯ ಕಟ್ಲೆಟ್. ಮಿಲ್ಕ್‌ಶೇಕಿನಲ್ಲಿ ಹಾಲಿಗಿಂತ ಮಂಜುಗಡ್ಡೆ ಹೆಚ್ಚು. ನೀರುದೋಸೆ ಬಿಟ್ಟು ಇದನ್ನು ತೆಗೆದುಕೊಳ್ಳುವವರು ಮಕ್ಕಳು ಮಾತ್ರ, ಅವರೂ ಅರ್ಧ ತಿಂದು ಬಿಡುತ್ತಾರೆ. ಮಸಾಲೆ ದೋಸೆಗಿಂತ ಬರ್ಗರಿಗೆ ಹೆಚ್ಚು ದರವಿದೆ.

ಅಡುಗೆಮನೆಯ ಪಕ್ಕದಲ್ಲಿ ಬಣ್ಣದ ದೀಪಗಳು ಉರಿಯುವ, ಕಮಾನಿನ ತಲೆಯ ಒಂದು ಜ್ಯೂಕ್‌ಬಾಕ್ಸ್, ಅಂದರೆ ನಾಣ್ಯ ಹಾಕಿದರೆ ಹಾಡು ನುಡಿಸುವ ಪೆಟ್ಟಿಗೆ, ನಿಲ್ಲಿಸಿದ್ದಾರೆ. ನೋಡಲು ಅದು 1946ರಲ್ಲಿ ಬಂದ ವುರ್ಲಿಟ್ಜರ್ 1015 ಮಾದರಿಯ ಪಡಿಯಚ್ಚು. ಮೂಲ ಯಂತ್ರದಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮೊಫೋನ್ ತಟ್ಟೆಗಳಿದ್ದು, 24 ಹಾಡುಗಳ ಪೈಕಿ ಒಂದನ್ನು ನಾಣ್ಯ ಹಾಕಿದವರು ಆರಿಸಿಕೊಳ್ಳುತ್ತಿದ್ದರು. ಎರಡೇ ವರ್ಷದಲ್ಲಿ ಸೀಬರ್ಗ್ ಕಂಪೆನಿ 100 ಹಾಡುಗಳ ಯಂತ್ರವನ್ನು ತಂದಿತು. ಇಲ್ಲಿನ ಪೆಟ್ಟಿಗೆಯೊಳಗಿರುವುದು ಬ್ಲೂಟೂತ್ ಸ್ಪೀಕರ್. ಹಾಡು ಆರಿಸುವವರು ಕ್ಯಾಶಿನಲ್ಲಿ ಕುಳಿತವರು. ಒಬ್ಬನ ದುಡ್ಡಿಗೆ ಹತ್ತು ಮಂದಿ ಹಾಡು ಕೇಳಬೇಕಾಗಿತ್ತು ಎಂಬುದೇ ಜ್ಯೂಕ್‌ಬಾಕ್ಸಿನ ಸೊಗಸು; ಜಗಳವಾದರೂ ಅದು ಒಟ್ಟಿಗೆ ಕುಳಿತವರ ಜಗಳ. ಗಾಜು ಏರಿಸಿಕೊಂಡು ತಂತಮ್ಮ ಹಾಡು ಕೇಳುವ ಕಾರುಗಳ ನಡುವೆ ಈ ಪೆಟ್ಟಿಗೆ ಬರೀ ಅಲಂಕಾರವಾಗಿ ನಿಂತಿದೆ.

ಈ ಮಾತು ಜ್ಯೂಕ್‌ಬಾಕ್ಸಿಗೆ ಮಾತ್ರವಲ್ಲ, ಇಡೀ ಹೋಟೆಲಿಗೆ ಅನ್ವಯಿಸುತ್ತದೆ. ಅಮೆರಿಕದಲ್ಲಿ ಡ್ರೈವ್-ಇನ್ ಎಂಬುದು ಯುದ್ಧಕ್ಕಿಂತ ಹಳೆಯದು. ಟೆಕ್ಸಸ್‌ನ ಡಲ್ಲಾಸಿನಲ್ಲಿ 1921ರಲ್ಲಿ ತೆರೆದ ಪಿಗ್ ಸ್ಟ್ಯಾಂಡ್ ಆ ಬಗೆಯ ಮೊದಲನೆಯ ಹೋಟೆಲುಗಳಲ್ಲಿ ಒಂದು. ಯುದ್ಧಕಾಲದಲ್ಲಿ, 1942ರ ಆರಂಭದಿಂದ, ಅಲ್ಲಿ ಸಾರ್ವಜನಿಕರಿಗೆ ಹೊಸ ಕಾರಿನ ತಯಾರಿಕೆಯೇ ನಿಂತಿತು, ಪೆಟ್ರೋಲಿಗೆ ಪಡಿತರ ಬಂತು. 1945ರ ಆಗಸ್ಟಿನಲ್ಲಿ ಪೆಟ್ರೋಲಿನ ಕಟ್ಟು ಬಿಟ್ಟಿತು, 1947ರ ಜೂನಿನಲ್ಲಿ ಸಕ್ಕರೆಯ ಕಟ್ಟೂ ಹೋಯಿತು. ಸೈನ್ಯದಿಂದ ಮರಳಿದವರ ಕೈಯಲ್ಲಿ ದುಡ್ಡು, ಕಾರ್ಖಾನೆಯಿಂದ ಹೊಸ ಕಾರು. ಡ್ರೈವ್-ಇನ್‌ಗಳು ಎಲ್ಲೆಡೆ ಎದ್ದುನಿಂತದ್ದು ಆಗ. ಸ್ಯಾನ್ ಫ್ರಾನ್ಸಿಸ್ಕೋದ ಮೆಲ್ಸ್ 1947ರದ್ದು. ಬರ್ಬ್ಯಾಂಕಿನಲ್ಲಿ ವೇಯ್ನ್ ಮೆಕ್‌ಆಲಿಸ್ಟರ್ ವಿನ್ಯಾಸ ಮಾಡಿದ ಬಾಬ್ಸ್ ಬಿಗ್ ಬಾಯ್ 1949ರದ್ದು. ಆದರೆ ಗೋಡೆಯ ಚಿತ್ರಗಳು ತೋರಿಸದ ಒಂದು ಸಂಗತಿಯಿದೆ. ಹೆಚ್ಚಿನ ಊರುಗಳಲ್ಲಿ ಡ್ರೈವ್-ಇನ್ ಒಂಟಿಯಾಗಿ ಬದುಕಲಿಲ್ಲ, ಪೇಟೆಯ ಬೀದಿಯೊಂದಿಗೆ ಜೋಡಿಯಾಗಿ ಬದುಕಿತು. ಶನಿವಾರ ಸಂಜೆ ಹರೆಯದವರು ಕಾರು ಹತ್ತಿ, ಸಿನಿಮಾ ಮಂದಿರ, ಔಷಧದಂಗಡಿಯ ಸೋಡಾ ಕಟ್ಟೆ, ಬಟ್ಟೆಯಂಗಡಿ ಇರುವ ಮುಖ್ಯ ಬೀದಿಯಲ್ಲಿ ನಿಧಾನವಾಗಿ ಸಾಗಿ, ಡ್ರೈವ್-ಇನ್‌ನ ಅಂಗಳದಲ್ಲಿ ಒಂದು ಸುತ್ತು ಹಾಕಿ, ಮತ್ತೆ ಬೀದಿಗೆ ಹಿಂದಿರುಗುತ್ತಿದ್ದರು. ತಿನ್ನುವುದಕ್ಕಿಂತ ಯಾರು ಬಂದಿದ್ದಾರೆ, ಯಾರ ಜತೆ ಬಂದಿದ್ದಾರೆ ಎಂದು ನೋಡುವುದೇ ಮುಖ್ಯವಾಗಿತ್ತು. ನಮ್ಮ ಕಡೆಯ ಜಾತ್ರೆಯಲ್ಲಿ ತೇರಿಗಿಂತ ಹೆಚ್ಚಾಗಿ ತೇರುಗದ್ದೆಯ ಸುತ್ತ ತಿರುಗುವವರನ್ನು ನೋಡುವ ಹಾಗೆ.

ಆ ಸುತ್ತಾಟ ಮಾಲೀಕರಿಗೆ ತಲೆನೋವಾದದ್ದೂ ಸತ್ಯ. ಒಂದು ಪಾನೀಯ ತೆಗೆದುಕೊಂಡು ಗಂಟೆಗಟ್ಟಲೆ ಜಾಗ ಹಿಡಿಯುವವರು, ಚಮಚ, ಲೋಟ ಎತ್ತಿಕೊಂಡು ಹೋಗುವವರು, ಬಡಿಸುವ ಹುಡುಗಿಯರ ಹಿಂದೆ ಸುತ್ತುವವರು ಹೆಚ್ಚಾದರು. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ 1940ರಿಂದ ಇಂಥದೇ ಡ್ರೈವ್-ಇನ್ ನಡೆಸುತ್ತಿದ್ದ ಮೆಕ್‌ಡೊನಾಲ್ಡ್ ಸಹೋದರರು 1948ರಲ್ಲಿ ಕೆಲವು ತಿಂಗಳು ಬಾಗಿಲು ಮುಚ್ಚಿ, ಕಾರಿಗೆ ಬಡಿಸುವವರನ್ನೆಲ್ಲ ತೆಗೆದುಹಾಕಿ, ಮೆನುವನ್ನು ಒಂಬತ್ತು ಐಟಂಗಳಿಗೆ ಇಳಿಸಿ, ಗಾಜಿನ ತಟ್ಟೆಯ ಬದಲು ಕಾಗದದಲ್ಲಿ ಸುತ್ತಿ, 15 ಸೆಂಟಿಗೆ ಹ್ಯಾಂಬರ್ಗರ್ ಕೊಡತೊಡಗಿದರು. ಗಿರಾಕಿ ಕಾರಿನಿಂದ ಇಳಿದು ಕಿಟಕಿಯ ಮುಂದೆ ಸಾಲಿನಲ್ಲಿ ನಿಲ್ಲಬೇಕಾಯಿತು. ಕಾರಿನಲ್ಲೇ ಬಡಿಸುವ ಕ್ರಮದ ಅವನತಿ ಅದರ ಸುವರ್ಣಯುಗದ ನಡುವೆಯೇ ಶುರುವಾಗಿತ್ತು. 1956ರಲ್ಲಿ ಎರಡು ಏಟು ಬಿದ್ದವು: ಜೂನಿನಲ್ಲಿ ಅಂಗೀಕಾರವಾದ ಹೆದ್ದಾರಿ ಕಾಯಿದೆಯಿಂದ 41,000 ಮೈಲು ಉದ್ದದ ಅಂತರರಾಜ್ಯ ಹೆದ್ದಾರಿಗಳ ಯೋಜನೆಗೆ ಹಣ ಸಿಕ್ಕಿ, ಮುಂದೆ ಅವು ಊರುಗಳ ಮುಖ್ಯ ಬೀದಿಗಳನ್ನು ಬಿಟ್ಟು ಹೊರಗಿನಿಂದಲೇ ಹೋದವು, ಅದೇ ವರ್ಷ ಮಿನಿಯಾಪೊಲಿಸ್ ಬಳಿಯ ಈಡೈನಾದಲ್ಲಿ ವಿಕ್ಟರ್ ಗ್ರುಯೆನ್ ವಿನ್ಯಾಸದ ಸೌತ್‌ಡೇಲ್ ಎಂಬ ಹವಾನಿಯಂತ್ರಿತ ಮಾಲ್ ತೆರೆದು, ಪೇಟೆಯ ವ್ಯಾಪಾರ ಊರ ಹೊರಗಿನ ಕಟ್ಟಡದೊಳಗೆ ಹೋಗುವುದಕ್ಕೆ ದಾರಿ ತೋರಿಸಿತು. ಬೀದಿ ಬರಿದಾದ ಮೇಲೆ ಬೀದಿಯ ಜೋಡಿಯಾಗಿದ್ದ ಡ್ರೈವ್-ಇನ್ ಕೂಡ ಬಡವಾಯಿತು.

ಕಾಸರಗೋಡಿನವರಾದ ನಮಗೆ 1956 ಎಂದರೆ ನೆನಪಾಗುವುದು ಬೇರೆ. ಆ ವರ್ಷದ ನವೆಂಬರ್ 1ರವರೆಗೆ ಇದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು; ಪೇಟೆಯ ವ್ಯವಹಾರ, ಕೋರ್ಟು ಕಚೇರಿ, ಕಾಲೇಜು ಎಲ್ಲದಕ್ಕೂ ಜನ ಮಂಗಳೂರಿನ ಕಡೆಗೆ ಮುಖ ಮಾಡಿದ್ದರು. ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಲಿನ ಗ್ಯಾಸಿನಲ್ಲಿ ಬಸ್ಸು ಓಡುತ್ತಿತ್ತು. ಏರು ಬಂದರೆ ಗಂಡಸರು ಇಳಿದು ನಡೆಯಬೇಕಾಗಿತ್ತಂತೆ. ಯುದ್ಧ ಮುಗಿದು ಏಳು ವರ್ಷವಾಗುವವರೆಗೂ ಅಕ್ಕಿಗೆ ರೇಷನ್ ಇತ್ತು. 1952ರ ಜೂನಿನಲ್ಲಿ ರಾಜಾಜಿಯವರ ಸರ್ಕಾರ ಮದ್ರಾಸ್ ರಾಜ್ಯದಲ್ಲಿ ಆಹಾರದ ನಿಯಂತ್ರಣವನ್ನು ತೆಗೆಯಿತು. ಅಮೆರಿಕದವರು ಕಾರಿನ ಕಿಟಕಿಗೆ ಬರ್ಗರ್ ತರಿಸಿಕೊಳ್ಳುತ್ತಿದ್ದ ವರ್ಷಗಳಲ್ಲಿ ನಮ್ಮ ಪೇಟೆಯ ಹೋಟೆಲಿನವರು ಅಕ್ಕಿ ಹೊಂದಿಸಲು ಪರದಾಡುತ್ತಿದ್ದರು ಎಂಬುದನ್ನು ಆ ಚೌಕಳಿ ಟೈಲ್ಸಿನ ಮೇಲೆ ನಿಂತಾಗ ನೆನಪಿಸಿಕೊಳ್ಳದಿರಲು ಆಗುವುದಿಲ್ಲ. ನಮ್ಮ ಯುದ್ಧೋತ್ತರ ಬೀದಿಯಲ್ಲಿ ಕಾರು ಅಪರೂಪ. ಅಂಬಾಸಿಡರ್ ಕಾರು ತಯಾರಾಗತೊಡಗಿದ್ದೇ 1957ರ ಸುಮಾರಿಗೆ. ಪೇಟೆಗೆ ಹೋಗುವುದೆಂದರೆ ಬಸ್ಸಿಳಿದು ನಡೆಯುವುದು, ಅಡಿಕೆ ಕೊಟ್ಟು ಬಟ್ಟೆ ಕೊಳ್ಳುವುದು, ಹೋಟೆಲಿನ ಬೆಂಚಿನಲ್ಲಿ ಪತ್ರಿಕೆ ಓದುವವರ ಪಕ್ಕ ಕುಳಿತು ಸುದ್ದಿ ಕೇಳುವುದು. ಚಿಕ್ಕಂದಿನಲ್ಲಿ ತನ್ನ ಅಪ್ಪನ ಕೈ ಹಿಡಿದು ಪೇಟೆಗೆ ಬರುತ್ತಿದ್ದ ಅಮ್ಮನಿಗೆ ಹೋಟೆಲೆಂದರೆ ಈಗಲೂ ಗಾಜಿನ ಕಪಾಟಿನೊಳಗಿನ ಮೈಸೂರುಪಾಕು, ಕಪ್ಪಗಾದ ಮೇಜು ಮತ್ತು ಗುರುತಿಲ್ಲದವರ ಎದುರು ಕುಳಿತು ತಿನ್ನುವಾಗಿನ ಸಂಕೋಚ.

ಆ ಬೆಂಚು ಎಲ್ಲರಿಗೂ ತೆರೆದಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಮ್ಮ ಕರಾವಳಿಯ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ ಇದ್ದ ಕಾಲವದು. ಕೆಳಗಿನ ಜಾತಿಯವರೆಂದು ಹೊರಗಿಟ್ಟವರಿಗೆ ಅಂಗಳವೇ ಗತಿ. 1950ರ ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರ ಗೃಹಗಳನ್ನು ಹೆಸರು ಹಿಡಿದು ಹೇಳಿ ಅಲ್ಲಿ ಜಾತಿಯ ಅಡ್ಡಿ ಇರಕೂಡದು ಎಂದಿತು, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದಕ್ಕೆ ಶಿಕ್ಷೆಯನ್ನು ಗೊತ್ತುಮಾಡಿತು. ಗೋಡೆಯ ಮೇಲಿನ ಅಮೆರಿಕದ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಚಿತ್ರಗಳಲ್ಲಿ ಕಾಣುವವರೆಲ್ಲ ಬಿಳಿಯರೇ ಆಗಿರುವುದು ಆಕಸ್ಮಿಕವಲ್ಲ. 1960ರ ಫೆಬ್ರುವರಿ 1ರಂದು ಉತ್ತರ ಕೆರೊಲಿನಾದ ಗ್ರೀನ್ಸ್‌ಬರೋ ಪೇಟೆಯ ವುಲ್‌ವರ್ತ್ ಅಂಗಡಿಯ ತಿಂಡಿಕಟ್ಟೆಯಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ತಮಗೂ ಬಡಿಸಬೇಕೆಂದು ಕುಳಿತ ಮೇಲೆಯೇ ಪೇಟೆಯ ಬೀದಿಯ ಬೀಗ ಸಡಿಲವಾದದ್ದು. ದಕ್ಷಿಣ ಕೆರೊಲಿನಾದ ಪಿಗ್ಗಿ ಪಾರ್ಕ್ ಎಂಬ ಡ್ರೈವ್-ಇನ್ ಹೋಟೆಲುಗಳು 1964ರ ನಾಗರಿಕ ಹಕ್ಕುಗಳ ಕಾಯಿದೆ ಬಂದ ಮೇಲೂ ಕಪ್ಪು ಜನರಿಗೆ ಬಡಿಸಲು ಒಪ್ಪಲಿಲ್ಲ. ಡ್ರೈವ್-ಇನ್ ಬಗೆಯ ಹೋಟೆಲಿಗೆ ಆ ಕಾಯಿದೆ ಅನ್ವಯಿಸುವುದಿಲ್ಲ ಎಂದು ಕೆಳಗಿನ ನ್ಯಾಯಾಲಯ ಒಪ್ಪಿಕೊಂಡಿತ್ತು ಕೂಡ; ಮೇಲ್ಮನವಿಯಲ್ಲಿ ಆ ತೀರ್ಪು ಬಿದ್ದುಹೋಯಿತು, 1968ರಲ್ಲಿ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಗಿ, ದಾವೆ ಹೂಡಿದವರ ಪರವಾಗಿಯೇ ಮುಗಿಯಿತು.

ಈಗ ನನ್ನ ಆಕ್ಷೇಪಕ್ಕೆ ಬರುತ್ತೇನೆ. ನಾವು ಅಲ್ಲಿದ್ದಾಗ, ಸರ್ವಿಸ್ ರಸ್ತೆಯ ಆಚೆಯ ಮನೆಗಳ ಕಡೆಯಿಂದ ಬಿಳಿ ಪಂಚೆಯುಟ್ಟ ಒಬ್ಬ ವೃದ್ಧರು ಕೊಡೆ ಊರಿಕೊಂಡು ನಡೆದು ಬಂದರು. ಬಾಗಿಲ ಬಳಿಯ ಕಾವಲುಗಾರ ತಡೆದು, “ಅಜ್ಜಾ, ಇಲ್ಲಿ ಕಾರಿನವರಿಗೆ ಮಾತ್ರ, ಕೂತುಕೊಳ್ಳಲಿಕ್ಕೆ ಜಾಗ ಇಲ್ಲ,” ಎಂದ. “ಒಂದು ಚಾ ಸಾಕು ಮಾರಾಯ, ಹಣ ಕೊಡ್ತೇನಲ್ಲ, ನಿಂತೇ ಕುಡೀತೇನೆ,” ಎಂದರು ಅವರು. ಕಾವಲುಗಾರನಿಗೂ ಮುಜುಗರವಾಗಿತ್ತು, ಆದರೆ ಬಿಡಲಿಲ್ಲ. ರಸ್ತೆ ಅಗಲವಾಗುವ ಮೊದಲು ಆ ಆಸುಪಾಸಿನಲ್ಲಿ ಗೂಡಂಗಡಿಯೊಂದಿತ್ತು. ಬೆಳಗಿನ ಚಾಕ್ಕೆ ಜನ ಅಲ್ಲಿಗೇ ಸೇರುತ್ತಿದ್ದರು. ಈಗ ಆರು ಪಥದ ಆಚೆಗೆ ಹೋಗಬೇಕೆಂದರೆ ಅಂಡರ್‌ಪಾಸಿನವರೆಗೆ ನಡೆದು ಸುತ್ತಿ ಬರಬೇಕು. ಮಗ್ಗುಲಲ್ಲೇ ಚಾ ಕುದಿಯುವ ಹೋಟೆಲಿದ್ದು, ಕಾರಿಲ್ಲ ಎಂಬ ಕಾರಣಕ್ಕೆ ಅದು ಸಿಗದೆಹೋದರೆ, ಆ ಹೋಟೆಲು ಇರುವ ಊರಿಗೆ ಅದರಿಂದ ಏನು ಬಂತು? ಸ್ಕೂಟರಿನಲ್ಲಿ ಬಂದವರಿಗೂ ಇದೇ ಉತ್ತರ. ತಟ್ಟೆ ಸಿಕ್ಕಿಸಲು ಕಿಟಕಿಯಿಲ್ಲ ಎಂಬುದು ಅವರಿಗೆ ಕೊಡುವ ಕಾರಣ.

ಮಾಲೀಕರ ಜತೆ ಮಾತನಾಡಿದೆ. ಸಭ್ಯರು, ಸಿಟ್ಟಾಗಲಿಲ್ಲ. ಬೆಂಚು ಹಾಕಿದರೆ ಇಡೀ ದಿನ ಕುಳಿತುಕೊಳ್ಳುವವರು ಬರುತ್ತಾರೆ, ಸಿಗರೇಟು, ಇಸ್ಪೀಟು ಶುರುವಾಗುತ್ತದೆ, ಹೆಣ್ಣುಮಕ್ಕಳಿರುವ ಕಾರಿನವರು ಬರುವುದು ಬಿಡುತ್ತಾರೆ ಎಂಬುದು ಅವರ ಹೆದರಿಕೆ. ಈ ಹೆದರಿಕೆಯನ್ನು ನಾನು ಹಗುರಾಗಿ ಕಾಣುವುದಿಲ್ಲ. ಮೆಕ್‌ಡೊನಾಲ್ಡ್ ಸಹೋದರರು ಬೇಸತ್ತದ್ದೂ ಹೆಚ್ಚುಕಡಿಮೆ ಇದಕ್ಕೇ. ಆದರೆ ಅವರು ಕಾರಿಗೆ ಬಡಿಸುವುದನ್ನು ನಿಲ್ಲಿಸಿದರೇ ಹೊರತು ನಡೆದು ಬಂದವನನ್ನು ತಡೆಯಲಿಲ್ಲ. ನಮ್ಮ ಹೋಟೆಲಿನವರು ಅವರ ಸಮಸ್ಯೆಯನ್ನು ಮಾತ್ರ ತೆಗೆದುಕೊಂಡು, ಪರಿಹಾರವನ್ನು ತಲೆಕೆಳಗು ಮಾಡಿದ್ದಾರೆ.

ಇದಕ್ಕೆ ದೂರದ ಮಾದರಿ ಬೇಕಾಗಿಯೂ ಇಲ್ಲ. ಕಡಂದಲೆಯಿಂದ ಮದ್ರಾಸಿಗೆ ಹೋಗಿ 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣರಾಯರು ಅಂದಿನ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯವರೇ. ಕ್ಯಾಥೆಡ್ರಲ್ ರಸ್ತೆಯಲ್ಲಿ ಮರಗಳ ನಡುವೆ 1962ರಲ್ಲಿ ತೆರೆದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್‌ನಲ್ಲಿ ಕಾರಿನ ಕಿಟಕಿಗೆ ತಟ್ಟೆ ಸಿಕ್ಕಿಸಿ ದೋಸೆ ಕೊಡುತ್ತಿದ್ದರು. ಜತೆಗೆ ಕಾರಿಲ್ಲದವರು ಕೂರಲು ಹಾಲ್ ಕೂಡ ಇತ್ತು. ಕಾಲೇಜಿನ ಹುಡುಗರು, ಔಷಧ ಕಂಪೆನಿಯ ಪ್ರತಿನಿಧಿಗಳು, ಕೆಲಸ ಹುಡುಕುವವರು ಒಂದು ಕಾಫಿಯ ಮೇಲೆ ಗಂಟೆಗಟ್ಟಲೆ ಕುಳಿತು ಆ ಜಾಗಕ್ಕೆ ಹೆಸರು ತಂದರು. ಸರ್ಕಾರ ಜಮೀನು ಹಿಂಪಡೆದು 2008ರಲ್ಲಿ ಅದು ಮುಚ್ಚಿದಾಗ ಬೇಸರಪಟ್ಟವರಲ್ಲಿ ಕಾರಿಲ್ಲದ ಗಿರಾಕಿಗಳೂ ಬಹಳ ಮಂದಿ ಇದ್ದರು. ಆ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಬೆಂಗಳೂರಿನ ಏರ್‌ಲೈನ್ಸ್ ಹೋಟೆಲಿನಲ್ಲೂ ಮರದಡಿಯ ಕಾರುಗಳ ಜತೆಗೇ ಮೇಜು ಕುರ್ಚಿಗಳಿವೆ. ಡ್ರೈವ್-ಇನ್ ಎಂಬುದನ್ನು ನಮ್ಮ ಹೋಟೆಲು ಕಸುಬಿನವರು ಹೀಗೆ ನಮ್ಮ ಬೀದಿಗೆ ಒಗ್ಗಿಸಿಕೊಂಡಿದ್ದರು. ಕುಂಬಳೆ ಕಡೆಯ ಈ ಹೋಟೆಲು ಕೃಷ್ಣರಾಯರನ್ನು ನೋಡಿ ಕಲಿಯುವ ಬದಲು ಭಿತ್ತಿಚಿತ್ರವನ್ನು ನೋಡಿ ಕಲಿತಿದೆ.

ಅಡುಗೆಮನೆಯ ಉತ್ತರ ಬದಿಯಲ್ಲಿ, ಕಾರಿನ ಸಾಲಿಗೆ ತೊಂದರೆಯಾಗದಂತೆ, ಹತ್ತು ಮಂದಿ ನಿಂತು ತಿನ್ನುವಷ್ಟು ಕಟ್ಟೆಯೊಂದನ್ನೂ ಎರಡು ಬೆಂಚುಗಳನ್ನೂ ಹಾಕುವಷ್ಟು ಜಾಗ ಇದೆ. ಈಗ ಅಲ್ಲಿ ಹೂಕುಂಡಗಳಿವೆ. ಸರ್ವಿಸ್ ರಸ್ತೆಯ ಕಡೆಗೆ ಒಂದು ಕಿಟಕಿ ತೆರೆದು ಚಾ, ಕಾಫಿ, ಗೋಳಿಬಜೆ ಮಾತ್ರ ಕೊಟ್ಟರೂ ಸಾಕು. ಬಸ್ಸು ಕಾಯುವವರು, ಶಾಲೆ ಬಿಟ್ಟು ಬರುವ ಮಕ್ಕಳು, ಆಸುಪಾಸಿನ ಮನೆಯವರು ಬರುತ್ತಾರೆ. ವ್ಯಾಪಾರದ ಲೆಕ್ಕದಲ್ಲೂ ಇದು ನಷ್ಟದ ಮಾತಲ್ಲ: ಬೆಳಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಚಾವಣಿಯ ಅಡಿಯಲ್ಲಿ ಕಾರುಗಳೇ ಇರುವುದಿಲ್ಲ, ಹುಡುಗಿಯರು ತಟ್ಟೆ ಒರೆಸುತ್ತ ಕುಳಿತಿರುತ್ತಾರೆ. ಮಾಲೀಕರು ಯೋಚಿಸುತ್ತೇನೆ ಎಂದಿದ್ದಾರೆ. ನಾನು ಇದನ್ನು ಬರೆಯುವವರೆಗೆ ಹೂಕುಂಡಗಳು ಅಲ್ಲೇ ಇದ್ದವು.

ಉಳಿದ ವಿವರಗಳು. ದರ ಪೇಟೆಯ ಒಳ್ಳೆಯ ಸಸ್ಯಾಹಾರಿ ಹೋಟೆಲಿಗಿಂತ ಸ್ವಲ್ಪ ಹೆಚ್ಚು, ಆದರೆ ಕಾರಿಗೆ ತಂದು ಬಡಿಸುವುದಕ್ಕೆ ಬೇರೆ ಶುಲ್ಕವಿಲ್ಲ. ಅಮೆರಿಕದ ಡ್ರೈವ್-ಇನ್‌ಗಳಲ್ಲಿ ಬಡಿಸುವವರ ಸಂಪಾದನೆ ಬಹುಮಟ್ಟಿಗೆ ಟಿಪ್ಸ್ ಮೇಲೆ ನಿಂತಿತ್ತು. ಇಲ್ಲಿ ಸಂಬಳ ಇದೆಯೆಂದು ಹುಡುಗಿಯರು ಹೇಳಿದರು, ಆದರೂ ಬಿಲ್ಲನ್ನು ಮೊಬೈಲಿನಲ್ಲೇ ಕಟ್ಟುವುದರಿಂದ ಅವರ ಕೈಗೆ ಏನೂ ಸೇರುವುದಿಲ್ಲ, ಚಿಲ್ಲರೆ ಇಟ್ಟುಕೊಂಡು ಹೋಗುವುದು ಒಳ್ಳೆಯದು. ಶೌಚಾಲಯ ಚೊಕ್ಕಟವಾಗಿದೆ, ಆದರೆ ಅದಕ್ಕೆ ಎರಡು ಮೆಟ್ಟಿಲುಗಳಿವೆ, ಹಿಡಿಯಲು ಕಂಬಿಯಿಲ್ಲ. ಮಂಡಿ ನೋವಿನವರಿಗಾಗಿಯೇ ಮಾಡಿದಂತಿರುವ ಹೋಟೆಲಿನಲ್ಲಿ ಇದು ದೊಡ್ಡ ಕೊರತೆ. ಭಾನುವಾರ ಸಂಜೆ ಐದರಿಂದ ಎಂಟರವರೆಗೆ ಕಾರಿನ ಸಾಲು ಸರ್ವಿಸ್ ರಸ್ತೆಗೇ ಬಂದು ಬಸ್ಸುಗಳಿಗೆ ಅಡ್ಡವಾಗುತ್ತದೆ, ಆ ಹೊತ್ತು ಬಿಡಿ. ಮಂಗಳೂರಿನ ಕಡೆಯಿಂದ ಬರುವವರು ಕುಂಬಳೆ ದಾಟಿದೊಡನೆ ಎಡಕ್ಕೆ ಸರ್ವಿಸ್ ರಸ್ತೆಗೆ ಇಳಿದುಬಿಡಬೇಕು, ತಪ್ಪಿದರೆ ಹೋಟೆಲಿನ ದೀಪ ಕಂಡರೂ ಒಳಗೆ ಹೋಗುವ ದಾರಿ ಸಿಗುವುದಿಲ್ಲ. ಕಾಸರಗೋಡಿನಿಂದ ಹೋಗುವವರು ಮುಂದಿನ ಅಂಡರ್‌ಪಾಸಿನಲ್ಲಿ ತಿರುಗಿ ಬರಬೇಕು. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಬೆಳಗ್ಗೆ ಎಂಟರಿಂದ ಹತ್ತರೊಳಗೆ ಹೋಗಿ, ನೀರುದೋಸೆ ಮತ್ತು ಪುನರ್ಪುಳಿ ತೆಗೆದುಕೊಳ್ಳಿ, ಬರ್ಗರ್ ಬೇಡ. ನಡೆದು ಹೋಗುವವರಿಗೆ, ಸದ್ಯಕ್ಕೆ, ಕುಂಬಳೆ ಪೇಟೆಯ ಹಳೆಯ ಹೋಟೆಲುಗಳೇ ವಾಸಿ.